ಹಾಡು ನಮ್ಮದು, ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

ಮುಂದೆ ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮೊಬೈಲಿನಲ್ಲಿ ಹಾಡು ಕೇಳಿಸುವ ಆ್ಯಪ್ ಯಾವುದಿದೆಯೋ ಅದನ್ನು ತೆರೆದು ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರನ್ನು ಹುಡುಕಿ. ಮೊದಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಸಿದ್ಧರಾಮಕ್ಕೆ ಒಂದು 'ಡಿ' ಹಾಕಬೇಕೋ ಎರಡು ಹಾಕಬೇಕೋ? ಅದರ ಬೆನ್ನಿಗೆ 'ಎಚ್' ಬೇಕೋ ಬೇಡವೋ? ಜಂಬಲ ಆದಮೇಲೆ 'ಎ' ಇದೆಯೋ ಇಲ್ಲವೋ? ಒಂದೊಂದು ಬಗೆಯಲ್ಲಿ ಬರೆದಾಗಲೂ ಒಂದೊಂದು ಉತ್ತರ. ವಚನಗಳನ್ನು ರಾಗಕ್ಕೆ ಕೂಡಿಸಿ ಹಾಡಿದ ರಾಯಚೂರು ಜಿಲ್ಲೆಯ ಗಾಯಕ ಅವರು. ರಾಯಚೂರು ನಗರದ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಗೋಡೆಯ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಕಾಣುವ ಹೆಸರು, ಮೊಬೈಲಿನೊಳಗೆ ಹೋದ ಕೂಡಲೇ ಇಂಗ್ಲಿಷ್ ಕಾಗುಣಿತದ ಲಾಟರಿ ಆಗಿಬಿಡುತ್ತದೆ!

ಇದು ಒಬ್ಬ ಗಾಯಕರ ಮಾತಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಸೀಮೆ ಹಾಡಿನ ಕಣಜ. ಮಾನವಿ ತಾಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು. ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರಿಗೆ ಮಾನವಿಯೇ ಮನೆ. ಒಂದೇ ಶತಮಾನದಲ್ಲಿ, ಹದಿನೆಂಟನೆಯದರಲ್ಲಿ, ಇಷ್ಟು ಜನ ಇಲ್ಲಿ ಕನ್ನಡದಲ್ಲಿ ಹಾಡಿದರು. ಇನ್ನು ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದ, ಮೊಹರಂ ಪದ, ಸೋಬಾನೆ ಪದ, ಬಯಲಾಟದ ರಾತ್ರಿಗಳು. ಇವುಗಳಲ್ಲಿ ಎಷ್ಟು ಕಂಪನಿ ಕ್ಯಾಸೆಟ್ಟಾಗಿ ಬಂದವು? ಬೆರಳೆಣಿಕೆ. ಉಳಿದದ್ದೆಲ್ಲ ಎಲ್ಲಿದೆ ಗೊತ್ತೇ? ನಿಮ್ಮ ಮನೆಯ ಅಟ್ಟದ ಮೇಲೆ.

ಹೌದು, ನಿಮ್ಮದೇ ಮನೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಟೇಪ್ ರೆಕಾರ್ಡರ್ ಇದ್ದ ಪ್ರತಿ ಮನೆಯಲ್ಲೂ ಯಾರೋ ಒಬ್ಬ ಕಾಕಾ ಕೆಂಪು ಗುಂಡಿ ಒತ್ತಿ ಏನನ್ನೋ ರೆಕಾರ್ಡ್ ಮಾಡಿದ್ದಾನೆ. ಅಮಾವಾಸ್ಯೆಯ ಭಜನೆ, ಅತ್ತೆಯ ಮದುವೆಯ ಸೋಬಾನೆ, ಆಕಾಶವಾಣಿಯಲ್ಲಿ ಬಂದ ವಚನ ಗಾಯನ, ಜಾತ್ರೆಯಲ್ಲಿ ಹಾಡಿದ ಮುದುಕ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆಯನ್ನು ಮನೆಮನೆಗೆ ಕೊಂಡೊಯ್ದಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಸರಿ. ಆದರೆ ಅದೇ ಕ್ಯಾಸೆಟ್ ಎಂಬ ಅಗ್ಗದ ಪೆಟ್ಟಿಗೆ ಕಂಪನಿಗಳು ತಿರುಗಿಯೂ ನೋಡದ ಕನ್ನಡವನ್ನು ತುಂಬಿಟ್ಟುಕೊಂಡಿತಲ್ಲ, ಅದನ್ನು ಯಾರು ಎಣಿಸಿದರು?

ಆ ಟೇಪು ಈಗ ಸಾಯುತ್ತಿದೆ. ರಾಯಚೂರಿನ ಬೇಸಿಗೆ ನಿಮಗೆ ಹೇಳಿಕೊಡಬೇಕಿಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಮೂವತ್ತು ಬೇಸಿಗೆ ಕಳೆದ ಟೇಪು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಸುಕ್ಕಾಗುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಪ್ಯಾಡು ಉದುರಿಹೋಗುತ್ತದೆ. ಟೇಪು ಚೆನ್ನಾಗಿಯೇ ಇದ್ದರೂ ಅದನ್ನು ನುಡಿಸುವ ಯಂತ್ರ ಎಲ್ಲಿದೆ? ಅದನ್ನು ರಿಪೇರಿ ಮಾಡುವ ಕೈ ಎಲ್ಲಿದೆ? ತೀನ್ ಕಂದೀಲ್ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಮೊಬೈಲ್ ಗಾಜು ಬದಲಿಸುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಟೇಪ್ ರೆಕಾರ್ಡರಿನ ಬೆಲ್ಟ್ ಕೇಳಿ ನೋಡಿ!

'ಇಂಟರ್ನೆಟ್ಟಿನಲ್ಲಿ ಎಲ್ಲವೂ ಇದೆ, ಯಾಕೆ ತಲೆಬಿಸಿ' ಎಂದು ಬೆಂಗಳೂರಿನ ರೂಮಿನಲ್ಲಿ ಕೂತು ಹೇಳುವ ನಮ್ಮದೇ ಹುಡುಗರಿದ್ದಾರೆ. ಅವರಿಗೆ ನಾಲ್ಕು ಘಟನೆಗಳನ್ನು ನೆನಪಿಸುತ್ತೇನೆ. 2019ರಲ್ಲಿ ಮೈಸ್ಪೇಸ್ ಎಂಬ ಅಮೆರಿಕದ ಕಂಪನಿ ಸರ್ವರ್ ಬದಲಿಸುವಾಗ ತನ್ನಲ್ಲಿದ್ದ ಹನ್ನೆರಡು ವರ್ಷಗಳ ಹಾಡುಗಳು ಅಳಿಸಿಹೋದವು ಎಂದು ಒಪ್ಪಿಕೊಂಡಿತು. 2020ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್ ಬಾಗಿಲು ಮುಚ್ಚಿತು. 2024ರ ಜನವರಿಗೆ ರೆಸ್ಸೋ ಭಾರತದಿಂದ ಗಂಟು ಕಟ್ಟಿತು. ಅದೇ ವರ್ಷ ವಿಂಕ್ ಮ್ಯೂಸಿಕ್ ಕೂಡ ನಿಂತಿತು. ಈ ಕಂಪನಿಗಳನ್ನು ಬೈಯಲು ನಾನು ಕೂತಿಲ್ಲ. ಅಂಗಡಿ ಇಟ್ಟವನಿಗೆ ಲಾಭವಿಲ್ಲದಾಗ ಬಾಗಿಲು ಹಾಕುವ ಹಕ್ಕಿದೆ. ಆದರೆ ಅವನ ಅಂಗಡಿಯನ್ನು ನಮ್ಮ ದೇವರ ಕೋಣೆ ಎಂದುಕೊಂಡವರು ಯಾರು? ತಿಂಗಳಿಗಿಷ್ಟು ಎಂದು ಬಾಡಿಗೆ ಕಟ್ಟಿದ್ದೀರಿ, ಕಟ್ಟುವುದನ್ನು ನಿಲ್ಲಿಸಿದ ದಿನ ನಿಮ್ಮ ಕೈ ಖಾಲಿ. ಅಷ್ಟಾದರೂ ಅಲ್ಲಿ ನಿಮ್ಮ ಅಜ್ಜಿಯ ಭಜನೆ ಇದ್ದೇ ಇಲ್ಲ!

ಹಾಗಾದರೆ ಏನು ಮಾಡಬೇಕು? ನಿಮ್ಮ ಮನೆಯಲ್ಲಿ ಮೂಲೆಗೆ ಬಿದ್ದ ಒಂದು ಕಂಪ್ಯೂಟರ್ ಇದೆ. ಗಣಕಯಂತ್ರ ಎನ್ನಿ, ಕಂಪ್ಯೂಟರ್ ಎನ್ನಿ, ಹೆಸರಿಗೆ ಜಗಳ ಬೇಡ. ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್ ಇರಬಹುದು, ನಿಧಾನ ಎಂದು ಬಿಟ್ಟದ್ದು. ಅದನ್ನೇ ಮನೆಯ ಸಂಗೀತದ ಸರ್ವರ್ ಮಾಡಿ. ಸರ್ವರ್ ಎಂದರೆ ಬೆದರಬೇಡಿ. ಖಾನಾವಳಿಯಲ್ಲಿ ಬಡಿಸುವವನು ಮಾಡುವ ಕೆಲಸವೇ ಅದು. ಹಾಡುಗಳೆಲ್ಲ ಅದರ ಡಿಸ್ಕಿನಲ್ಲಿ ಇರುತ್ತವೆ. ನೀವು ಕೇಳಿದ್ದನ್ನು ತಂದು ಬಡಿಸುತ್ತದೆ. ಅದಕ್ಕೆ ಸ್ಪೀಕರ್ ಜೋಡಿಸಿ, ನಿಮ್ಮ ಮೊಬೈಲನ್ನು ರಿಮೋಟಿನಂತೆ ಬಳಸಿ. ಅಡಿಗೆ ಮನೆಯಿಂದ ಅವ್ವ, ಅಟ್ಟದಿಂದ ನೀವು, ಯಾರು ಬೇಕಾದರೂ ಹಾಡು ಆರಿಸಬಹುದು. ಒಂದು ಮುಖ್ಯ ಮಾತು: ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಮನೆಯಲ್ಲಿ ವೈಫೈ ರೌಟರ್ ಒಂದಿದ್ದರೆ ಮುಗಿಯಿತು. ದೇವದುರ್ಗದ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೂ ಹಾಡು ನಿಲ್ಲುವುದಿಲ್ಲ.

ಯಂತ್ರವೇ ಇಲ್ಲ ಎನ್ನುವವರಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಶುರುವಾದದ್ದು. ಇಂದು ಜಗತ್ತಿನ ಸಂಗೀತಪ್ರಿಯರೆಲ್ಲ ಅದರ ಹಿಂದೆ ಬಿದ್ದಿದ್ದಾರೆ. ಆದರೂ ನನ್ನನ್ನು ಕೇಳಿದರೆ ನಮ್ಮ ಸೀಮೆಗೆ ಹಳೆಯ ಲ್ಯಾಪ್‌ಟಾಪೇ ವಾಸಿ. ಯಾಕೆಂದರೆ ಅದರಲ್ಲಿ ಬ್ಯಾಟರಿ ಇದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ. ಅದರ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್. ಹೊಗೆ ಮತ್ತು ಬೂದಿ ರಾಯಚೂರಿಗೆ, ಬೆಳಕು ಊರೂರಿಗೆ! ಸ್ಥಾವರದ ನೆರಳಿನಲ್ಲೇ ಇರುವ ನಮಗೆ ಕರೆಂಟು ಯಾವಾಗ ಹೋಗುತ್ತದೆ ಎಂಬುದು ಪಂಚಾಂಗಕ್ಕೂ ಗೊತ್ತಿಲ್ಲ. ಹಾಡು ಬರೆಯುತ್ತಿರುವಾಗ ಕರೆಂಟು ಹೋದರೆ ಪೈನ ಮೆಮೊರಿ ಕಾರ್ಡ್ ಕೆಡುವುದುಂಟು. ಪೈ ಕೊಳ್ಳುವವರು ಚಿಕ್ಕ ಯುಪಿಎಸ್ಸನ್ನೂ ಜೊತೆಗೇ ಕೊಳ್ಳಿ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಮಾತ್ರ ಮುಲಾಜಿಲ್ಲದೆ ತೆಗೆಸಿಬಿಡಿ, ನಮ್ಮ ಬಿಸಿಲಿಗೆ ಅದು ಬಾಂಬು.

ಕರೆಂಟಿನ ಬಿಲ್ಲು? ಪೈ ಸುಮಾರು ಐದು ವ್ಯಾಟ್ ತಿನ್ನುತ್ತದೆ. ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟದು. ಹಳೆಯ ಡೆಸ್ಕ್‌ಟಾಪ್ ಅರವತ್ತು ವ್ಯಾಟಿನದಾದರೆ ನಲವತ್ತಮೂರು ಯೂನಿಟ್. ಹಾಗಾಗಿ ಡೆಸ್ಕ್‌ಟಾಪ್ ಇದ್ದವರು ಬೇಕಾದಾಗ ಹಾಕಿ, ಬೇಡವಾದಾಗ ಆರಿಸಿ. ಯಾವ ಯಂತ್ರವೇ ಆಗಲಿ, ಬೇಸಿಗೆಯಲ್ಲಿ ಅಲಮಾರಿನೊಳಗೆ ಮುಚ್ಚಿಡಬೇಡಿ. ಎಂಬತ್ತು ಡಿಗ್ರಿ ಮುಟ್ಟಿದರೆ ಪೈ ತಾನೇ ಓಟ ತಗ್ಗಿಸುತ್ತದೆ. ಹತ್ತಿಯ ಧೂಳು, ಅಕ್ಕಿ ಗಿರಣಿಯ ತೌಡು ಹಾರುವ ಓಣಿಯಾದರೆ ತಿಂಗಳಿಗೊಮ್ಮೆ ಫ್ಯಾನ್ ಒರೆಸಿ.

ಈ ಯಂತ್ರದೊಳಗೆ ಹಾಕುವ ತಂತ್ರಾಂಶಕ್ಕೆ ಒಂದು ಕಾಸೂ ಬೇಡ. ಲಿನಕ್ಸ್ ಬಿಟ್ಟಿ. ಅದರ ಮೇಲೆ ಮ್ಯೂಸಿಕ್ ಪ್ಲೇಯರ್ ಡೀಮನ್, ಅಂದರೆ ಎಂಪಿಡಿ, ಅದೂ ಬಿಟ್ಟಿ. ಮನೆಯ ಬೇರೆ ಬೇರೆ ಮೊಬೈಲುಗಳಲ್ಲಿ ಬೇರೆ ಬೇರೆ ಹಾಡು ಬೇಕೆಂದರೆ ನ್ಯಾವಿಡ್ರೋಮ್ ಎಂಬುದಿದೆ. ಬಿಟ್ಟಿ ಎಂಬುದಕ್ಕಿಂತ ದೊಡ್ಡದು ಇನ್ನೊಂದಿದೆ. ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ ಮನೆಯ ಸಂಗೀತಕ್ಕೆಂದು ಒಂದು ಸರ್ವರ್ ತಂತ್ರಾಂಶ ಮಾಡಿತ್ತು. 2006ರಲ್ಲಿ ಅದನ್ನು ಲಾಜಿಟೆಕ್ ಕೊಂಡಿತು. 2012ರಲ್ಲಿ ಅದರ ಪೆಟ್ಟಿಗೆಗಳನ್ನು ಮಾಡುವುದನ್ನೇ ನಿಲ್ಲಿಸಿತು. ಬೇರೆ ಕಂಪನಿಯ ಗುಟ್ಟಿನ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರ ಮೂಲ ಬರಹ ಎಲ್ಲರಿಗೂ ತೆರೆದಿತ್ತು. ಬಳಕೆದಾರರೇ ಅದನ್ನು ಎತ್ತಿಕೊಂಡರು. ಇಂದು ಅದು ಲಿರಿಯನ್ ಎಂಬ ಹೆಸರಿನಲ್ಲಿ ಓಡುತ್ತಿದೆ. ಕಂಪನಿ ಎದ್ದುಹೋದರೂ ಹಾಡು ನಿಲ್ಲಲಿಲ್ಲ.

ಈಗ ಗುಣಮಟ್ಟದ ಮಾತಿಗೆ ಬರೋಣ, ಇಲ್ಲಿ ನಮ್ಮ ಹುಡುಗರು ಮೋಸ ಹೋಗುವುದು ಹೆಚ್ಚು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ ನೆನಪಿದೆಯೇ? ಮೊಬೈಲ್ ಅಂಗಡಿಯಲ್ಲಿ ಸಾವಿರ ಹಾಡು ಹಾಕಿಕೊಡುತ್ತಿದ್ದರು. ಸಾವಿರ ಹೇಗೆ ಹಿಡಿಸಿತು? ಎಂಪಿ3 ಎಂಬ ವಿದ್ಯೆಯಿಂದ. ಕಿವಿಗೆ ಅಷ್ಟಾಗಿ ಗೊತ್ತಾಗದು ಎಂದು ಲೆಕ್ಕ ಹಾಕಿ ದನಿಯ ಒಂದಷ್ಟು ಭಾಗವನ್ನು ಅದು ಕಿತ್ತು ಹಾಕುತ್ತದೆ. ಹಾಗೆ ಕಿತ್ತದ್ದು ಮತ್ತೆ ಬರುವುದಿಲ್ಲ. ಬಹಳ ಹಿಂಡಿದರೆ ತಂಬೂರಿಯ ಝೇಂಕಾರ ಸೀಟಿಯಾಗುತ್ತದೆ, ತಾಳದ ಕಿಣಿಕಿಣಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಭಜನೆಯಲ್ಲಿ ತಾಳವೇ ಕೆಟ್ಟಮೇಲೆ ಉಳಿದದ್ದೇನು? ಫ್ಲ್ಯಾಕ್ ಎಂಬ ಇನ್ನೊಂದು ಬಗೆ 2001ರಿಂದ ಇದೆ. ಧೋತರವನ್ನು ಮಡಚಿ ಪೆಟ್ಟಿಗೆಯಲ್ಲಿಡುವುದು ಫ್ಲ್ಯಾಕ್. ಪೆಟ್ಟಿಗೆ ಸಣ್ಣದೆಂದು ಧೋತರದ ಅಂಚು ಕತ್ತರಿಸುವುದು ಎಂಪಿ3. ಬಿಚ್ಚಿದಾಗ ಒಂದೆಳೆಯೂ ಕಡಿಮೆಯಾಗದೆ ಸಿಗುವುದು ಮಡಚಿಟ್ಟದ್ದೇ.

ಸಿ.ಡಿ. ಗುಣಮಟ್ಟ ಎಂದರೆ ಸೆಕೆಂಡಿಗೆ 44,100 ಬಾರಿ ದನಿಯನ್ನು ಅಳೆಯುವುದು, ಪ್ರತಿ ಅಳತೆಗೂ 16 ಬಿಟ್. ಎರಡು ಚಾನೆಲ್ ಸೇರಿ ಒಂದು ತಾಸಿಗೆ ಸುಮಾರು 635 ಎಂ.ಬಿ. ಆಗುತ್ತದೆ. ಫ್ಲ್ಯಾಕಿನಲ್ಲಿ ಮಡಚಿದರೆ ಹೆಚ್ಚುಕಡಿಮೆ ಅರ್ಧ. 350 ಎಂದೇ ಇಟ್ಟುಕೊಳ್ಳಿ. 500 ಜಿ.ಬಿ.ಯ ಹಳೆಯ ಡಿಸ್ಕಿನಲ್ಲಿ ಒಂದು ತಾಸಿನ ಸಾವಿರದ ನಾನೂರು ಕ್ಯಾಸೆಟ್ ಹಿಡಿಸುತ್ತವೆ. ನಿಮ್ಮ ಇಡೀ ಓಣಿಯ ಕ್ಯಾಸೆಟ್ಟುಗಳು! ಜಾಗವಿಲ್ಲ ಎಂಬ ನೆಪ ಇನ್ನು ಬೇಡ.

'192 ಕಿಲೋಹರ್ಟ್ಸ್', 'ಚಿನ್ನದ ಲೇಪನದ ವಯರ್' ಎಂದು ಅಂತರಜಾಲದಲ್ಲಿ ಆಸೆ ಹುಟ್ಟಿಸುವವರಿಗೆ ಕಿವಿಗೊಡಬೇಡಿ. ಸಾಧಾರಣ ಕ್ಯಾಸೆಟ್ಟಿನಲ್ಲಿ ದನಿ ಹದಿನೈದು ಸಾವಿರ ಹರ್ಟ್ಸ್ ಮುಟ್ಟಿದರೆ ಹೆಚ್ಚು. ಸಿ.ಡಿ. ಅಳತೆ ಇಪ್ಪತ್ತು ಸಾವಿರದಾಚೆಗೂ ಹಿಡಿಯುತ್ತದೆ. ಟೇಪಿನಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಹಣ ಹಾಕುವುದಾದರೆ ಒಳ್ಳೆಯ ಸ್ಪೀಕರಿಗೆ ಹಾಕಿ. ಆಮೇಲೆ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ ಕೊಳ್ಳಿ, ಅಂದರೆ ಅಂಕಿಗಳನ್ನು ಮತ್ತೆ ದನಿಯಾಗಿಸುವ ಡಬ್ಬಿ. ಹಳೆಯ ಪೈಗಳಲ್ಲಿದ್ದ ಹೆಡ್‌ಫೋನ್ ತೂತಿನ ದನಿ ಕಳಪೆ, 2023ರ ಪೈ 5ರಲ್ಲಿ ಆ ತೂತೇ ಇಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ತಾಳ್ಮೆಯ ಕೆಲಸ. ಒಂದು ತಾಸಿನ ಟೇಪಿಗೆ ಒಂದು ತಾಸು ಬೇಕೇ ಬೇಕು, ಅಡ್ಡದಾರಿ ಇಲ್ಲ. ನೆಂಟರಿಷ್ಟರಲ್ಲಿ ಕೇಳಿ ಓಡುವ ಟೇಪ್ ರೆಕಾರ್ಡರ್ ಒಂದನ್ನು ಹುಡುಕಿ. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಸುಮ್ಮನಿದ್ದ ಟೇಪನ್ನು ಮೊದಲು ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿ ಸಡಿಲ ಮಾಡಿ. ಮೈಕನ್ನು ಸ್ಪೀಕರಿನ ಮುಂದೆ ಹಿಡಿಯಬೇಡಿ, ವಯರ್ ಹಾಕಿ 'ಲೈನ್ ಇನ್'ಗೆ ಕೊಡಿ. ಆಡಾಸಿಟಿ ಎಂಬ ಬಿಟ್ಟಿ ತಂತ್ರಾಂಶದಲ್ಲಿ 24 ಬಿಟ್ ಇಟ್ಟು, ದನಿಯ ಮುಳ್ಳು ಕೆಂಪಿಗೆ ಮುಟ್ಟದಂತೆ ರೆಕಾರ್ಡ್ ಮಾಡಿ. ಸುರ್ ಎನ್ನುವ ಸದ್ದು ತೆಗೆಯುವ ಆತುರ ಬೇಡ. ಸದ್ದಿನ ಜೊತೆಗೆ ಹಾಡಿದವರ ಉಸಿರೂ ಹೋಗುತ್ತದೆ. ಇದ್ದದ್ದನ್ನು ಇದ್ದಂತೆ ಒಂದು ಪ್ರತಿ ಇಟ್ಟುಕೊಂಡು, ಬೇಕಾದರೆ ಇನ್ನೊಂದು ಪ್ರತಿಯನ್ನು ತೊಳೆಯಿರಿ.

ಇಷ್ಟೆಲ್ಲ ಮಾಡಿದ ನಮ್ಮ ಹುಡುಗ ಕೊನೆಗೆ ಆ ಫೈಲಿಗೆ ಏನು ಹೆಸರಿಡುತ್ತಾನೆ? 'ಟ್ರ್ಯಾಕ್ 01', ಅದೂ ಇಂಗ್ಲಿಷಿನಲ್ಲಿ! ಇಲ್ಲಿ ನನಗೆ ಸಿಟ್ಟು ಬರುತ್ತದೆ.

ನಮ್ಮ ಮಸ್ಕಿಯ ಶಾಸನ ಗೊತ್ತಲ್ಲ. ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳು ದೇಶದ ತುಂಬ ಬಂಡೆಗಳ ಮೇಲೆ ಸಿಕ್ಕಿದ್ದವು. ಆ ದೊರೆ ಯಾರು ಎಂಬುದಕ್ಕೆ ಶಾಸನದಲ್ಲೇ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರು ಕಂಡಾಗ. ಒಂದೇ ಒಂದು ಹೆಸರು! ಬರೆದಿಡದೇ ಹೋಗಿದ್ದರೆ? ಹಾಗೆಯೇ ನಿಮ್ಮ ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದ 'ಮಾನವಿ, ಶ್ರಾವಣ, ಅತ್ತೆಯವರ ಭಜನೆ' ಎಂಬ ಮಾಸಿದ ಸಾಲು ಇದೆಯಲ್ಲ, ಅದನ್ನು ಬಿಟ್ಟು ಹಾಡನ್ನಷ್ಟೇ ಎತ್ತಿಟ್ಟರೆ ಅದು ಅನಾಥ.

ನಮ್ಮ ದಾಸರಿಗೆ ಇದು ಯಂತ್ರ ಹುಟ್ಟುವ ಮೊದಲೇ ಗೊತ್ತಿತ್ತು. ಅಂಕಿತ ಎಂದರೇನು? ಹಾಡು ಯಾರದೆಂದು ಹಾಡಿನೊಳಗೇ ಹೊಲಿದ ಚೀಟಿ. ವಿಜಯವಿಠಲ ಎಂದರೆ ವಿಜಯದಾಸರು, ಗೋಪಾಲವಿಠಲ ಎಂದರೆ ಗೋಪಾಲದಾಸರು, ಜಗನ್ನಾಥವಿಠಲ ಎಂದರೆ ಜಗನ್ನಾಥದಾಸರು. ಅಮರೇಶ್ವರಲಿಂಗ ಎಂದು ಬಂದರೆ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ವಚನ. ಓಲೆಗರಿ ಹರಿದರೂ, ಹಾಡುವವರು ಬದಲಾದರೂ ಚೀಟಿ ಕಳೆದುಹೋಗಲಿಲ್ಲ. ಇಂದಿನ ಕಂಪ್ಯೂಟರಿನವರು ಟ್ಯಾಗ್ ಎಂದು ಕರೆಯುವುದು ಇದನ್ನೇ. ಫ್ಲ್ಯಾಕ್ ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರು, ರಚಿಸಿದವರು, ರಾಗ, ಊರು, ಇಸವಿ ಎಲ್ಲವನ್ನೂ ಬರೆದಿಡಬಹುದು, ಕನ್ನಡ ಲಿಪಿಯಲ್ಲೇ. ಅದಕ್ಕೆ ಪಿಕಾರ್ಡ್ ಎಂಬ ಬಿಟ್ಟಿ ತಂತ್ರಾಂಶವಿದೆ. ಒಂದು ಕೊಸರು ಮಾತ್ರ ಇದೆ: ರಾಗ, ಊರು ಎಂಬ ಖಾನೆಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕೆಂದು ಆ ನಿಯಮ ಬರೆದವರು ಕಟ್ಟಿಟ್ಟಿದ್ದಾರೆ. ಖಾನೆಯೊಳಗೆ ಬರೆಯುವುದು ಯಾವ ಲಿಪಿಯೂ ಆಗಬಹುದು.

ಬರೆಯುವಾಗ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ನಾವು ಎಷ್ಟೋ ವರ್ಷ ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದು, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಕಾಗೆ ಕಾಲಿನಂಥ ಗೀಟು ನೋಡಿ ತಲೆ ಚಚ್ಚಿಕೊಂಡಿದ್ದೇವೆ. ಸಣ್ಣ ಲಿನಕ್ಸ್ ಯಂತ್ರದಲ್ಲಿ ಕನ್ನಡದ ಬದಲು ಚೌಕ ಚೌಕ ಡಬ್ಬಿ ಕಂಡರೆ ಗಾಬರಿಯಾಗಬೇಡಿ, ಫಾಂಟ್ ಹಾಕಿಲ್ಲ ಅಷ್ಟೇ. ಗುಬ್ಬಿ, ನವಿಲು ಎಂಬ ಚೆಂದದ ಬಿಟ್ಟಿ ಫಾಂಟುಗಳಿವೆ. ಹಾಕಿದ ಕೂಡಲೇ ಹಾಡಿನ ಪಟ್ಟಿ ಕನ್ನಡವಾಗುತ್ತದೆ. ಅವ್ವ ಕನ್ನಡಕ ಹಾಕಿಕೊಂಡು ತಾನೇ ಓದಿ, ತಾನೇ ಒತ್ತಿ, ತನಗೆ ಬೇಕಾದ ಸುಳಾದಿ ಕೇಳುತ್ತಾಳೆ. 'ಲೇ ತಮ್ಮಾ, ಅದನ್ನ ಹಚ್ಚಿ ಕೊಡು' ಎಂದು ಇಂಗ್ಲಿಷ್ ಬಲ್ಲ ಮೊಮ್ಮಗನ ದಾರಿ ಕಾಯಬೇಕಾಗಿಲ್ಲ. ಭಾಷೆಯ ಹಕ್ಕು ಎಂದು ನಾವು ಬೀದಿಯಲ್ಲಿ ಕೂಗುವುದು ಇದನ್ನೇ ಅಲ್ಲವೇ? ಹಾಗೆಂದು ರಾಯಚೂರಿನ ಮನೆಯಲ್ಲಿ ಇರುವ ಉರ್ದು ಕವ್ವಾಲಿಯ ಹೆಸರನ್ನು ಅಳಿಸಿ ಕನ್ನಡ ಮಾಡಬೇಕಾಗಿಲ್ಲ. ಅದು ಉರ್ದುವಿನಲ್ಲಿ, ತೆಲುಗಿನದು ತೆಲುಗಿನಲ್ಲಿ ಇರಲಿ. ಯೂನಿಕೋಡಿನಲ್ಲಿ ಎಲ್ಲರಿಗೂ ಜಾಗವಿದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಗೆ 60 ವರ್ಷದ ಹಕ್ಕು ಇದೆ. ಸ್ವಂತ ಬಳಕೆಗೆ 52ನೆಯ ಕಲಂ ಅವಕಾಶ ಕೊಡುತ್ತದೆ. ಕಂಪನಿಯ ಕ್ಯಾಸೆಟ್ಟನ್ನು ನಿಮ್ಮ ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದು ಬೇರೆ, ಊರಿಗೆ ಹಂಚುವುದು ಬೇರೆ. ಮನೆಯವರೇ ರೆಕಾರ್ಡ್ ಮಾಡಿದ ಭಜನೆಯಾದರೆ ಹಾಡಿದ ತಾಯಂದಿರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಕೇಳಿ ಹಂಚಿ. ಕೇಳಿದರೆ ಬೇಡ ಎನ್ನುವವರು ಕಡಿಮೆ. ಕೇಳುವ ಹೊತ್ತಿಗೆ ಅವರ ಟ್ರಂಕಿನಿಂದ ಇನ್ನೂ ನಾಲ್ಕು ಕ್ಯಾಸೆಟ್ ಹೊರಬರುವುದೂ ಉಂಟು.

ರಾಯಚೂರಿನಲ್ಲಿ 2019ರಿಂದ ಐಐಐಟಿ ಇದೆ, ಅದಕ್ಕೂ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಒಂದು ಹಾಸ್ಟೆಲ್ ಕೋಣೆಯ ನಾಲ್ಕು ಹುಡುಗರು ನಾಲ್ಕು ಭಾನುವಾರ ಕೂತರೆ ಒಂದು ಓಣಿಯ ಕ್ಯಾಸೆಟ್ಟುಗಳಿಗೆ ಜೀವ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವವರು ದೀಪಾವಳಿಗೆ ಊರಿಗೆ ಬರುವಾಗ ಸಿಹಿ ಡಬ್ಬಿಯ ಜೊತೆಗೆ ಹಳೆಯ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿ.

ಇಳಿಸಿದ್ದನ್ನು ಎರಡು ಡಿಸ್ಕಿನಲ್ಲಿ ಇಡಿ, ಎರಡೂ ಒಂದೇ ಮನೆಯಲ್ಲಿ ಬೇಡ. ಒಂದು ಮಾನವಿಯಲ್ಲಿದ್ದರೆ ಇನ್ನೊಂದು ದೇವದುರ್ಗದ ಅಕ್ಕನ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ಎರಡನ್ನೂ ಹಾಕಿ ಓಡುತ್ತವೆಯೇ ನೋಡಿ. ಮೂಲ ಕ್ಯಾಸೆಟ್ಟುಗಳನ್ನು ಮಾತ್ರ ಎಸೆಯಬೇಡಿ. ಅಟ್ಟದಿಂದ ಇಳಿಸಿ, ಸ್ಪೀಕರಿನ ಅಯಸ್ಕಾಂತದಿಂದ ದೂರವಿಡಿ. ಜೋಳದ ಚೀಲ ಇಡುವ ಒಳಗಿನ ಕತ್ತಲೆ ಕೋಣೆ ಮನೆಯಲ್ಲೆಲ್ಲ ತಂಪು. ಇಲಿ ಬಾರದಂತೆ ಒಂದು ಸ್ಟೀಲಿನ ಡಬ್ಬಿ ಸಾಕು.